ಕಣ್ಣಳತೆ

ಮಂಡಿಯ ಹತ್ತಿರ ಹರಿದಿರುವುದನ್ನು ಹೊಲಿಯಬೇಡಿ, ಇನ್ನೂ ಎರಡು ಬೆರಳಿನಷ್ಟು ಹರಿಯಿರಿ ಎಂದು ಯಾವನೋ ಹುಡುಗ ಹೇಳಿಹೋಗಿದ್ದ ಪ್ಯಾಂಟನ್ನು ತೊಡೆಯ ಮೇಲೆ ಹಾಕಿಕೊಂಡು ಅವಳು ಬಹಳ ಹೊತ್ತಿನಿಂದ ಸುಮ್ಮನೆ ಕೂತಿದ್ದಳು. ಬೇರೆ ದಿನವಾಗಿದ್ದರೆ ಆ ಪ್ಯಾಂಟನ್ನು ಎತ್ತಿ ಹಿಡಿದು ಇಸ್ತ್ರಿಯವನಿಗೆ ತೋರಿಸಿ, ಇಬ್ಬರೂ ಸೇರಿ ಹುಡುಗನಿಂದ ಶುರುಮಾಡಿ ಅವನ ಅಪ್ಪ ಅಮ್ಮನವರೆಗೆ ಎಲ್ಲರನ್ನೂ ಜಾಲಾಡಿ ಮುಗಿಸಿರುತ್ತಿದ್ದರು. ಅಂಗಡಿಯ ಮೂರು ಅಂತಸ್ತುಗಳಲ್ಲಿ ಮಾರಾಟವಾದ ರೆಡಿಮೇಡ್ ಬಟ್ಟೆಗಳಲ್ಲಿ ಉದ್ದವಾದದ್ದು, ಬಿಗಿಯಾದದ್ದು, ಜೋಲುವಂಥದ್ದು ಎಲ್ಲ ಚೀಟಿ ಸಿಕ್ಕಿಸಿಕೊಂಡು ಈ ನೆಲಮಾಳಿಗೆಯ ಕೋಣೆಗೆ ಇಳಿದು ಬರುತ್ತಿತ್ತು. ಹತ್ತೊಂಬತ್ತು ವರ್ಷದಿಂದ ಅದನ್ನೆಲ್ಲ ಸರಿಮಾಡುತ್ತ ಕೂತವಳಿಗೆ ಅಂಗಡಿಯಲ್ಲಿ ಟೈಲರಮ್ಮ ಎಂದೇ ಹೆಸರು. ಮೈಗಂಟಿದ ಅಂಗಿ, ಹೊಕ್ಕಳು ಕಾಣುವ ಅಂಗಿ, ಅಪ್ಪನದನ್ನು ಕದ್ದು ತಂದಂತಿರುವ ದೊಗಲೆ ಅಂಗಿ, ಒಂದೊಂದಕ್ಕೂ ಅವಳ ಹತ್ತಿರ ತೀರ್ಪು ತಯಾರಿರುತ್ತಿತ್ತು. "ಬಟ್ಟೆ ಎಲ್ಲಾ ಹೇಳ್ಬಿಡುತ್ತೆ ಕಣಪ್ಪ, ಮನೇಲಿ ಹೇಳೋರು ಕೇಳೋರು ಇದಾರೋ ಇಲ್ವೋ ಅಂತ" ಎಂದು ಹಲ್ಲಿನಲ್ಲಿ ದಾರ ಕಡಿಯುತ್ತ ಅವಳು ಅಂದರೆ, ಇಸ್ತ್ರಿಯವನು ಹಬೆಯ ಮರೆಯಿಂದ, "ಎಲ್ಲರೂ ನಿಮ್ಮ ಮಗಳ ಥರ ಇರೋಕಾಗುತ್ತಾ ಟೈಲರಮ್ಮ" ಅನ್ನುತ್ತಿದ್ದ. ಮಗಳನ್ನು ಅವನು ಕಣ್ಣಾರೆ ಕಂಡವನಲ್ಲ, ಇವಳ ಬಾಯಲ್ಲಿ ಕೇಳಿದ್ದೇ ಎಲ್ಲ. ಆ ಒಂದು ಮಾತು ಕೇಳುವುದಕ್ಕೇ ಅವಳು ದಿನಾ ಈ ಮಾತು ತೆಗೆಯುತ್ತಿದ್ದಳೇನೋ. ಇವತ್ತು ತೆಗೆದಿರಲಿಲ್ಲ. ಬೆಳಿಗ್ಗೆ ಮಗಳು ಫೋನು ಮಾಡಿ, ಸಂಜೆ ಆರರ ಬಸ್ಸಿಗೆ ಹೊರಡುವ ಮುಂಚೆ ಬಂದು ಹೋಗುತ್ತೇನೆ, ಮನೆಗಲ್ಲ, ಅಂಗಡಿಗೇ ಬರುತ್ತೇನೆ ಎಂದಿದ್ದಳು. ಒಂದು ದಿನವೂ ಅಂಗಡಿಯ ಮೆಟ್ಟಿಲು ತುಳಿಯದವಳು. ಯಾಕೆ ಎಂದು ಕೇಳಿದ್ದಕ್ಕೆ, "ಅಲ್ಲಿ ದೊಡ್ಡ ಕನ್ನಡಿ ಇದ್ಯಲ್ಲಮ್ಮ" ಅಂದಳು.

ಮನೆಯಲ್ಲಿ ದೊಡ್ಡ ಕನ್ನಡಿ ಇರಲಿಲ್ಲ ನಿಜ. ಬಟ್ಟೆ ಹೊಲಿಯುವವಳ ಮನೆಯಲ್ಲಿ ಮುಖ ಮಾತ್ರ ಕಾಣುವ ಅಂಗೈಯಗಲದ ಕನ್ನಡಿ! ಪಕ್ಕದ ಮನೆಯವರು ಕೇಳಿದಾಗ ಒಡೆದುಹೋಯಿತು ಎಂದಿದ್ದಳು. ಒಡೆದಿರಲಿಲ್ಲ. ಬೀರುವಿನ ಬಾಗಿಲಿಗಿದ್ದ ನಿಲುವುಗನ್ನಡಿಯನ್ನು ಅವಳೇ ಬಿಚ್ಚಿಸಿ ಯಾರಿಗೋ ಕೊಟ್ಟಿದ್ದಳು. ಆಗ ಮಗಳಿಗೆ ಎಂಟು ವರ್ಷ. ಗುಂಡಿಯ ಡಬ್ಬಿ ಬೇಕೆಂದು ಹಟ ಹಿಡಿದಿದ್ದ ಮಗುವಿಗೆ, ಇರು ಪುಟ್ಟಿ, ಇದೊಂದು ಹೊಲಿಗೆ ಮುಗಿಸಿಬಿಡ್ತೀನಿ ಎಂದು ಅವಳು ಬೆನ್ನು ಹಾಕಿ ಮಷೀನು ತುಳಿಯುತ್ತಿದ್ದಳು, ಮಗು ಬೀರು ಹತ್ತಿತ್ತು. ಬಿದ್ದ ಸದ್ದು ಕೇಳಿತು. ಕೇಳಿದ್ದು ಖಂಡಿತ. ಆದರೂ ಕಾಲು ನಿಲ್ಲಲಿಲ್ಲ, ತೋಳಿನ ತುದಿಯವರೆಗೂ ತುಳಿದು, ಹೊಲಿಗೆ ಮುಗಿದ ಮೇಲೇ ಅವಳು ಎದ್ದದ್ದು. ಎರಡು ಕ್ಷಣವೋ ಮೂರು ಕ್ಷಣವೋ ಅಷ್ಟೇ. ಇದನ್ನು ಅವಳು ಗಂಡನಿಗೆ ಹೇಳಲಿಲ್ಲ, ಡಾಕ್ಟರಿಗೆ ಹೇಳಲಿಲ್ಲ, ಗಂಡ ತೀರಿಕೊಂಡ ಮೇಲೆ ಹೇಳಲು ಯಾರೂ ಉಳಿಯಲಿಲ್ಲ. ಎಡಭುಜದ ಮೂಳೆ ಮುರಿದಿತ್ತು. ಕಟ್ಟು ಬಿಚ್ಚಿದಾಗ ಆ ಕಡೆ ಅರ್ಧ ಇಂಚು ತಗ್ಗಿತ್ತು. ಬೆಳೆಯುವ ಮಗು, ಬೆಳೀತಾ ಬೆಳೀತಾ ಸರಿಹೋಗುತ್ತೆ ಬಿಡಿ ಎಂದರು ಡಾಕ್ಟರು. ಶಾಲೆಯಲ್ಲಿ ಮಕ್ಕಳು ಅಷ್ಟು ದಿನ ಕಾಯುತ್ತವೆಯೆ? ವಾರ ಕಳೆಯುವುದರೊಳಗೆ ತಕ್ಕಡಿ ಎಂದು ಹೆಸರಿಟ್ಟವು. ತಕ್ಕಡಿ ಬಂತು, ತಕ್ಕಡಿ ಎಷ್ಟು ತೂಗುತ್ತೆ. ಮಗು ಊಟ ಬಿಟ್ಟು ಅಳುತ್ತಿದ್ದಾಗ ಅವಳು ಯೂನಿಫಾರಮ್ಮಿನ ಎಡಭುಜದ ಹೊಲಿಗೆ ಬಿಚ್ಚಿ, ಬಟ್ಟೆಯ ಎರಡು ಪದರವನ್ನು ಎಲೆಯಾಕಾರಕ್ಕೆ ಕತ್ತರಿಸಿ ಒಳಗಿಟ್ಟು, ಮತ್ತೆ ಹೊಲಿದು ತೊಡಿಸಿದಳು. ಎರಡು ಭುಜವೂ ಸಮ. ಈಗ ಯಾರಿಗೂ ಗೊತ್ತಾಗಲ್ಲ, ನಂಗೂ ನಿಂಗೂ ಮಾತ್ರ ಎಂದಳು. ಮಗಳು ಕಣ್ಣೊರೆಸಿಕೊಂಡು ನಕ್ಕಿದ್ದಳು. ಆ ನಗು ನೋಡಿ ತನ್ನ ಮೂರು ಕ್ಷಣ ಯಾರೋ ಮನ್ನಿಸಿದಂತೆ ಅವಳಿಗೆ ಎದೆ ಹಗುರವಾಗಿತ್ತು.

"ಏನ್ ಟೈಲರಮ್ಮ, ಆ ಪ್ಯಾಂಟು ಹರಿಯೋಕೆ ಒಳ್ಳೆ ಗಳಿಗೆ ನೋಡ್ತಿದೀರಾ?" ಎಂದ ಇಸ್ತ್ರಿಯವನು. "ನಿನ್ನ ಕೆಲಸ ನೀನು ನೋಡಪ್ಪ" ಎಂದು ಅವಳು ರೇಗಿದಾಗಲೇ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಯಾರೋ ಗಿರಾಕಿ ದಾರಿ ತಪ್ಪಿ ಇಳಿದು ಬಂದಳು ಎಂದುಕೊಂಡಳು. ತೋಳಿಲ್ಲದ, ಕತ್ತು ಅಗಲವಾದ, ಸಾಸಿವೆ ಬಣ್ಣದ ತೆಳು ಅಂಗಿ. ಇಂಥದ್ದನ್ನು ತೊಟ್ಟು ನಡುಮಧ್ಯಾಹ್ನ ಬೀದಿಗಿಳಿದವಳ ಮನೆ ಎಂಥದ್ದು ಎಂದು ತೀರ್ಪು ನಾಲಗೆಯ ತುದಿಗೆ ಬಂದು ನಿಂತಿತ್ತು. ಆಮೇಲೆ ಆ ಹುಡುಗಿಯ ಎಡಭುಜ ಕಂಡಿತು. "ಅಮ್ಮ" ಎಂದಳು ಮಗಳು. ಇಸ್ತ್ರಿಯವನು ಒಮ್ಮೆ ಮಗಳನ್ನೂ ಒಮ್ಮೆ ತಾಯಿಯನ್ನೂ ನೋಡಿ, "ಇವ್ರೇನಾ ನಿಮ್ಮ..." ಎಂದವನು ಅಷ್ಟಕ್ಕೇ ನಿಲ್ಲಿಸಿ, ಕಾಲರಿಗೆ ಎರಡನೇ ಸಲ ಇಸ್ತ್ರಿ ಹಾಕತೊಡಗಿದ. ತಾಯಿ ತಟ್ಟನೆ ಎದ್ದಳು. ಕೈಗೆ ಸಿಕ್ಕಿದ ಯಾರದೋ ಕೋಟನ್ನು ಎಳೆದು ಮಗಳ ಮೇಲೆ ಹೊದೆಸಿ, "ಮುಚ್ಕೊ ಮೊದಲು, ಯಾರಾದ್ರೂ ನೋಡ್ತಾರೆ" ಎಂದಳು. ಬಸ್ಸಿನಲ್ಲಿ ಅಷ್ಟು ಜನ ನೋಡಿರಬೇಕು, ಬೀದಿಯಲ್ಲಿ ನೋಡಿರಬೇಕು, ಮೂರು ಅಂತಸ್ತಿನ ಸೇಲ್ಸ್ ಹುಡುಗಿಯರೆಲ್ಲ ನೋಡಿರಬೇಕು. ಇವಳಿಗೆ ನಾಚಿಕೆಯಾಗಿದ್ದು ತೋಳು ಕಂಡದ್ದಕ್ಕಲ್ಲ, ಭುಜ ಕಂಡದ್ದಕ್ಕೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ಇಸ್ತ್ರಿಯವನು ಚಹಾ ಕುಡಿದು ಬರುತ್ತೇನೆಂದು ತಾನಾಗಿಯೇ ಎದ್ದು ಹೋದ. ಮಗಳು ಕೋಟನ್ನು ತೆಗೆದು ಮಡಚಿ ಮೇಜಿನ ಮೇಲಿಟ್ಟಳು. ಒಳಭಾಗ ಹೊರಗೆ ಬರದಂತೆ, ತೋಳು ಹಿಂದಕ್ಕೆ ಬರುವಂತೆ, ಅಮ್ಮ ಕಲಿಸಿದ ಹಾಗೆಯೇ ಮಡಚಿದಳು. "ರೂಮಿನ ಹುಡುಗಿಯರು ಕೊಡಿಸಿದ್ದು. ಊರು ಬಿಟ್ಟು ಹೋಗ್ತಿದೀನಲ್ಲ, ಅದಕ್ಕೆ. ಬೇಡ ಬೇಡ ಅಂದೆ, ಕೇಳ್ಲಿಲ್ಲ. ಟ್ರಯಲ್ ರೂಮಿಗೆ ತಳ್ಳಿ ಬಾಗಿಲು ಹಾಕ್ಬಿಟ್ರು" ಎಂದಳು. ಮಗಳು ಆರು ತಿಂಗಳಿಂದ ಕೆಲಸದ ಜಾಗಕ್ಕೆ ಹತ್ತಿರವೆಂದು ಇಬ್ಬರು ಗೆಳತಿಯರ ಜೊತೆ ರೂಮು ಮಾಡಿಕೊಂಡಿದ್ದಳು. ಈಗ ದೂರದ ಊರೊಂದರಲ್ಲಿ ಚಿಕ್ಕಮಕ್ಕಳಿಗೆ ಪಾಠ ಹೇಳುವ ಕೆಲಸ ಸಿಕ್ಕಿತ್ತು. "ರೆಡಿಮೇಡ್ ನಿಂಗೆ ಕೂರಲ್ಲ ಅಂತ ಎಷ್ಟು ಸಲ ಹೇಳಿಲ್ಲ ಪುಟ್ಟಿ" ಎಂದಳು ತಾಯಿ. ಮಗಳು, "ಕೂತಿತು" ಎಂದಳು. ಆಮೇಲೆ ಕನ್ನಡಿಯ ಕಡೆ ತಿರುಗಿ, "ಅಳತೆ ತಗೋ ಅಮ್ಮ. ಈಗಲೇ. ಆ ಕನ್ನಡಿ ಮುಂದೆ" ಎಂದಳು.

ಅಳತೆಯೇ? ಗಿರಾಕಿಗಳಿಗೆ ಎರಡೆರಡು ಸಲ ಟೇಪು ಹಿಡಿಯುವವಳು ಮಗಳಿಗೆ ಹಿಡಿದದ್ದೇ ಇಲ್ಲ. ಎಂಟನೇ ವರ್ಷದಲ್ಲಿ ಕಾಗದದ ಮೇಲೆ ಕತ್ತರಿಸಿಟ್ಟುಕೊಂಡ ನಮೂನೆಯನ್ನೇ ವರ್ಷಕ್ಕೊಂದು ಬೆರಳು ದೊಡ್ಡದು ಮಾಡುತ್ತ ಬಂದಿದ್ದಳು. ಎಡಭುಜ ಅರ್ಧ ಇಂಚು ತಗ್ಗು ಎಂದೇ ಲೆಕ್ಕ, ಅದಕ್ಕೊಂದು ಪ್ಯಾಡು. ಹೆತ್ತವಳ ಕಣ್ಣಿಗೆ ಟೇಪು ಬೇಕೆ? ಸ್ನಾನ ಮಾಡಿ ಬಂದಾಗ, ತಲೆ ಬಾಚುವಾಗ, ಮಲಗಿದ್ದವಳನ್ನು ಎಬ್ಬಿಸುವಾಗ, ಪ್ರತಿ ಸಲವೂ ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು, ಪ್ರತಿ ಸಲವೂ ತಗ್ಗಿಯೇ ಇರುತ್ತಿತ್ತು. ಈಗ ಮಗಳ ಸೊಂಟಕ್ಕೊಂದು ದಾರ ಕಟ್ಟಿ, ದಾರದಿಂದ ಭುಜದ ತುದಿಯವರೆಗೆ ಟೇಪು ಹಿಡಿದಳು. ಬಲಕ್ಕೆ ಹದಿನೇಳು, ಎಡಕ್ಕೆ ಹದಿನಾರೂವರೆ. "ನೋಡು! ಅರ್ಧ ಇಂಚು. ನಾನು ಹೇಳಿಲ್ವಾ?" ಎಂದಳು. ಧ್ವನಿಯಲ್ಲಿ ಗೆಲುವಿತ್ತು, ಅದು ತನಗೇ ಕೇಳಿಸಿ ಅಸಹ್ಯವಾಯಿತು. "ತಡಿ" ಎಂದಳು ಮಗಳು. ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಹೊತ್ತಿದ್ದ ಚೀಲವನ್ನು ಇಳಿಸಿದ ಹಾಗೆ ಬಲಭುಜ ಕೆಳಗಿಳಿಯಿತು. "ಈಗ ಹಿಡಿ."

ಹದಿನಾರೂವರೆ. ಹದಿನಾರೂವರೆ. "ಟೇಪು ಹಳೇದು ಕಣೆ, ಎಳೆದು ಎಳೆದು ಉದ್ದ ಆಗಿರುತ್ತೆ" ಎಂದಳು ಅವಳು. "ಎಡಕ್ಕೊಂದು ಟೇಪು ಬಲಕ್ಕೊಂದು ಟೇಪು ಹಿಡೀಲಿಲ್ವಲ್ಲಮ್ಮ" ಎಂದಳು ಮಗಳು. ಅದರಲ್ಲಿ ಕೊಂಕಿರಲಿಲ್ಲ, ಮುಂದೆ ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಗಲೂ ಹೀಗೆಯೇ ಹೇಳುತ್ತಾಳೆ. "ಯಾವತ್ತೋ ಸರಿಹೋಗಿದೆ. ಹತ್ತಕ್ಕೋ ಹನ್ನೊಂದಕ್ಕೋ, ಯಾರಿಗೆ ಗೊತ್ತು. ನೀನು ಮಾತ್ರ ಎಡಕ್ಕೆ ಪ್ಯಾಡ್ ಇಡ್ತಾನೇ ಬಂದೆ. ಆ ಕಡೆ ಎತ್ತರ ಆಗ್ತಿತ್ತು. ಎತ್ತರ ಕಾಣಬಾರ್ದು ಅಂತ ನಾನು ಈ ಕಡೆ ಎತ್ಕೊಂಡು ನಡೀತಿದ್ದೆ. ಯಾವಾಗಿಂದ ಅಂತ ನಂಗೂ ಗೊತ್ತಿಲ್ಲ, ಅಭ್ಯಾಸ ಆಗಿಹೋಗಿದೆ. ಪ್ಯಾಡ್ ಇಲ್ದೆ ಇದ್ರೂ ಎತ್ಕೊಂಡೇ ಇರ್ತೀನಿ. ಅದನ್ನ ನೋಡಿ ನೀನು ಎಡಭುಜ ಇನ್ನೂ ತಗ್ಗಿದೆ ಅನ್ಕೊಂಡೆ." ಮೂರು ಮಡಿಕೆಯ ಕನ್ನಡಿಯಲ್ಲಿ ಮೂವರು ಮಗಳಂದಿರು ನಿಂತಿದ್ದರು, ಮೂವರಿಗೂ ಭುಜ ನೆಟ್ಟಗಿತ್ತು. "ಟ್ರಯಲ್ ರೂಮಲ್ಲಿ ಅರ್ಧ ಗಂಟೆ ಅತ್ತೆ. ಹೊರಗೆ ಅವರು ಬಾಗಿಲು ತಟ್ತಾ ಇದ್ರು, ಸೈಜು ಆಗ್ಲಿಲ್ವಾ ಅಂತ." ತಾಯಿ ಏನೋ ಹೇಳಲು ಬಾಯಿ ತೆರೆದಳು. ಮಗಳು ತಡೆದು, "ನಂಗೆ ನಿನ್ನ ಮೇಲೆ ಕೋಪ ಇಲ್ಲ ಅಂತ ಹೇಳೋಣ ಅಂತ್ಲೇ ಬಂದೆ. ಬಸ್ಸಲ್ಲಿ ಹತ್ತು ಸಲ ಹೇಳ್ಕೊಂಡೂ ಬಂದೆ. ಆದ್ರೆ ಇದೆ ಅಮ್ಮ. ಕೋಪ ಇದೆ" ಎಂದಳು.

ಇಷ್ಟು ಹೇಳಿ ಮುಗಿಸಿದ ಮೇಲೆ ಮಗಳು ಚಿಕ್ಕವಳಾದ ಹಾಗೆ ಸ್ಟೂಲಿನ ಮೇಲೆ ಕೂತಳು. "ನೀನು ನಂಗೆ ಅಂತ ಅಂಗಡೀಲೇ ತೆಗೆದಿಟ್ಟಿದೀನಿ ಅಂದಿದ್ದ ನೀಲಿ ಬಟ್ಟೆ ಇದ್ಯಲ್ಲ, ಅದರಲ್ಲಿ ಒಂದು ಶರ್ಟ್ ಹೊಲ್ದುಕೊಡು. ಈಗ ತಗೊಂಡ ಅಳತೇಲಿ. ನಾನು ಹೇಗಿದೀನೋ ಹಾಗೆ. ಐದಕ್ಕೆ ಬರ್ತೀನಿ, ಅದನ್ನೇ ಹಾಕ್ಕೊಂಡು ಬಸ್ ಹತ್ತುತೀನಿ. ಸೋಮವಾರ ಕ್ಲಾಸಿಗೆ ಹೋಗುವಾಗಲೂ ಅದನ್ನೇ ಹಾಕ್ಕೊತೀನಿ." ಹೊಲಿದುಕೊಡದಿದ್ದರೆ ಏನು ಎಂದು ಮಗಳು ಹೇಳಲಿಲ್ಲ, ತಾಯಿ ಕೇಳಲೂ ಇಲ್ಲ. ಇನ್ನು ಮುಂದೆ ತನ್ನ ಕೈಯ ಹೊಲಿಗೆ ಮಗಳ ಮೈಮೇಲೆ ಇರುವುದೋ ಇಲ್ಲವೋ ಎಂಬುದು ಈ ಮೂರು ಗಂಟೆಯಲ್ಲಿ ತೀರ್ಮಾನವಾಗುತ್ತದೆ ಎಂದು ಅವಳಿಗೆ ತಿಳಿಯಿತು. "ಅಷ್ಟೇ ತಾನೇ, ಎಡಗೈಯಲ್ಲಿ ಹೊಲ್ದು ಬಿಸಾಕ್ತೀನಿ" ಎಂದು ನಗಲು ನೋಡಿದಳು. ಮಗಳೂ ನಕ್ಕು, ಮೆಟ್ಟಿಲು ಹತ್ತಿ ಹೋದಳು.

ಹರಿದ ಪ್ಯಾಂಟನ್ನು ಮೂಲೆಗೆಸೆದು ಅವಳು ನೀಲಿ ಬಟ್ಟೆ ಹಾಸಿದಳು. ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಬಲಕ್ಕೆ ಹದಿನಾರೂವರೆ, ಎಡಕ್ಕೆ ಹದಿನಾರೂವರೆ. ಎಳೆದ ಗೆರೆ ನೋಡಿದರೆ ಯಾರದೋ ಮಗಳ ಅಂಗಿಯಂತಿತ್ತು. ಮತ್ತೆ ಅಳೆದಳು, ಸರಿಯಿತ್ತು, ಕತ್ತರಿಸಿದಳು. ನಿಮ್ಮ ಹುಡುಗಿ ಎಷ್ಟು ಗಂಭೀರ ರೀ, ಈ ವಯಸ್ಸಿಗೇ ಎಷ್ಟು ತಿಳುವಳಿಕೆ ಎಂದು ನಾದಿನಿ ಅನ್ನುತ್ತಿದ್ದಳು, ಅವಳ ಮಕ್ಕಳು ಕಂಡಕಂಡ ಬಟ್ಟೆಗೆ ರಂಪ ಮಾಡುತ್ತಿದ್ದಾಗ ಇವಳ ಮಗಳು ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡು ಗೋಡೆಗೊರಗಿ ನಿಂತಿರುತ್ತಿದ್ದಳು. ಶಾಲೆಯ ವಾರ್ಷಿಕೋತ್ಸವದಲ್ಲಿ ದೊಡ್ಡ ಟೀಚರು ಮಗಳನ್ನು ವೇದಿಕೆಗೆ ಕರೆದು, ಬಟ್ಟೆ ಹಾಕಿದರೆ ಹೀಗೆ ಹಾಕಬೇಕು, ತಾಯಿ ತಂದೆ ಬೆಳೆಸಿದ್ದು ಇದರಲ್ಲೇ ಕಾಣುತ್ತೆ ಎಂದಿದ್ದರು. ಸಭೆಯಲ್ಲಿ ಚಪ್ಪಾಳೆ. ವೇದಿಕೆಯ ಮೇಲೆ ಮಗಳು ಬೆವರುತ್ತ ನಿಂತಿದ್ದಳು. ಆ ದಿನ ಮಗಳು ಕುಣಿಯಬೇಕಾಗಿತ್ತಲ್ಲವೆ? ಕುಣಿತಕ್ಕೆ ಆರಿಸಿದ್ದರು, ಅದರ ಉಡುಪಿಗೆ ತೋಳಿರಲಿಲ್ಲ, ನಂಗಿಷ್ಟ ಇಲ್ಲ ಎಂದು ಮಗಳೇ ಬಿಟ್ಟಳು. ಆ ಸಂಜೆ ಇವಳಿಗಾದ ಸಮಾಧಾನವೇ! ಬೈದು ಬುದ್ಧಿ ಹೇಳಬೇಕಾದ ಕೆಲಸವನ್ನೇ ಮಗು ಉಳಿಸಿತ್ತು. ಇನ್ನೊಮ್ಮೆ ಶಾಲೆಯವರು ಹೊಳೆಯ ದಂಡೆಗೆ ಕರೆದುಕೊಂಡು ಹೋದಾಗ ಮಕ್ಕಳೆಲ್ಲ ನೀರಿಗಿಳಿದರೆ ಮಗಳೊಬ್ಬಳು ಎಲ್ಲರ ಬಟ್ಟೆ ಕಾಯುತ್ತ ದಡದಲ್ಲಿ ಕೂತಿದ್ದಳಂತೆ, ಎಂಥ ಜವಾಬ್ದಾರಿ ನೋಡಿ ಎಂದು ಟೀಚರು ಹೇಳಿಕಳಿಸಿದ್ದರು. ಅದನ್ನು ಇಸ್ತ್ರಿಯವನಿಗೆ ಎಷ್ಟು ಸಲ ಹೇಳಿಲ್ಲ ಅವಳು.

ಮಷೀನು ಓಡುತ್ತಿತ್ತು. ಹನ್ನೊಂದು ವರ್ಷಕ್ಕೇ ಸರಿಹೋಗಿದ್ದರೆ? ಹಾಗಿದ್ದರೆ ಆ ದಡದಲ್ಲಿ ಕೂತದ್ದು ಯಾತಕ್ಕೆ? ಮಗಳಿಗೆ ಹದಿನೇಳಾಗಿದ್ದಾಗ ಎದುರುಮನೆಯ ಹುಡುಗನೊಬ್ಬ ಅವಳನ್ನು ನೋಡಲೆಂದೇ ದಿನಾ ಸೈಕಲ್ಲಿನ ಚೈನು ಹಾಕುತ್ತ ಗೇಟಿನ ಮುಂದೆ ಕೂರುತ್ತಿದ್ದ, ಮಗಳು ಕಿಟಕಿ ಹಾಕಿಕೊಂಡು ಒಳಗೆ ಓದುತ್ತಿದ್ದಳು, ಪಾಪ, ಅವನ ಚೈನು ಸವೆದದ್ದೇ ಬಂತು ಎಂದು ತಾಯಿ ಮಗಳು ನಗುತ್ತಿದ್ದರು. ನಗುವಾಗ ಮಗಳ ಕೈ ತಾನಾಗಿ ಭುಜಕ್ಕೆ ಹೋಗುತ್ತಿತ್ತು. ಅದು ಇವಳ ಕಣ್ಣಿಗೆ ಬಿದ್ದಿತ್ತು. ಬಿದ್ದೂ ಏನು ಮಾಡಿದಳು? ಪ್ಯಾಡು ಜರುಗಿದೆಯೇನೋ ಎಂದು ನೋಡಿ ಸರಿಮಾಡಿದಳು. ಒಂದೇ ಒಂದು ಸಲ, ಹದಿಮೂರಕ್ಕೋ ಹದಿನಾಲ್ಕಕ್ಕೋ, ಬಾ ಪುಟ್ಟಿ ಅಳತೆ ತೆಗೆಯೋಣ ಎಂದು ಕರೆದಿದ್ದರೆ ಸಾಕಿತ್ತು. ಕರೆಯಲಿಲ್ಲ. ಸರಿಹೋಗಿದೆ ಎಂದು ತಿಳಿದರೆ ತನಗೆ ಮಾಡಲು ಏನಿರುತ್ತಿತ್ತು? ಬಟ್ಟೆಯ ಚೂರನ್ನು ಎರಡು ಪದರ ಮಾಡಿ, ಅಂಚು ಚುಚ್ಚದಂತೆ ಸುತ್ತ ತೆಳುವಾಗಿ ಕೆರೆದು, ಎಲೆಯ ತುದಿ ಕುತ್ತಿಗೆಯ ಕಡೆಗೆ ಬರುವಂತೆ ಇಟ್ಟು, ಒಳಗಿಂದ ಆರು ಹೊಲಿಗೆ ಹಾಕುತ್ತಿದ್ದಳು, ಹೊರಗಿನಿಂದ ನೋಡಿದರೆ ಒಂದು ದಾರವೂ ಕಾಣುತ್ತಿರಲಿಲ್ಲ. ಲೋಕದಲ್ಲಿ ಯಾವ ತಾಯಿಗೂ ಬಾರದ ಕೆಲಸ ಅದು ಎಂದು ಅವಳಿಗೆ ಹೆಮ್ಮೆಯಿತ್ತು. ಅಷ್ಟು ವರ್ಷ, ಅಷ್ಟು ಅಂಗಿ, ಒಂದರಲ್ಲೂ ತಪ್ಪಿರಲಿಲ್ಲ. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಆಗದೆ ಇಸ್ತ್ರಿಯವನನ್ನು ಕರೆದಳು. ಅವನು ಪೋಣಿಸಿ ಕೊಟ್ಟು, "ಗಂಟೆ ನಾಲ್ಕೂ ಮುಕ್ಕಾಲು ಟೈಲರಮ್ಮ" ಎಂದು ಮಾತ್ರ ಹೇಳಿದ. ಗುಂಡಿ ಹಾಕಿ ಮುಗಿಸಿ ಅವಳು ಅಂಗಿಯನ್ನು ಅವನ ಮೇಜಿನ ಮೇಲಿಟ್ಟಳು.

ಮಗಳು ಹೇಳಿದ ಹೊತ್ತಿಗೆ ಸರಿಯಾಗಿ ಬಂದಳು. ಕೈಯಲ್ಲಿ ಒಂದು ಪೆಟ್ಟಿಗೆ, ಬೆನ್ನಿಗೊಂದು ಚೀಲ. ಪರದೆಯ ಹಿಂದೆ ಹೋಗಿ ನೀಲಿ ಶರ್ಟು ತೊಟ್ಟು ಕನ್ನಡಿಯ ಮುಂದೆ ಬಂದು ನಿಂತಳು. ಮುಖ ಬೆಳಗಿತ್ತು. ತಾಯಿ ಒಂದೊಂದನ್ನೇ ನೋಡಿದಳು. ತೋಳಿನುದ್ದ ಸರಿ, ಕಾಲರು ಸರಿ, ಬೆನ್ನಿನಲ್ಲಿ ಒಂದು ಸುಕ್ಕಿಲ್ಲ. ಮಗಳು ಅತ್ತಿತ್ತ ತಿರುಗಿ, ನಗುತ್ತ, ಬಲಗೈಯಿಂದ ಎಡಭುಜ ಸವರಿಕೊಂಡಳು. ಕೈ ಅಲ್ಲೇ ನಿಂತಿತು. ಎರಡು ಬೆರಳು ಬಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿದವು, ಬಿಟ್ಟವು, ಮತ್ತೆ ಒತ್ತಿದವು. ತಾಯಿಗೆ ಇನ್ನೂ ಅರ್ಥವಾಗಿರಲಿಲ್ಲ, ಗುಂಡುಪಿನ್ನು ಏನಾದರೂ ಉಳಿಯಿತೇ ಎಂದುಕೊಂಡಳು. ಆಮೇಲೆ ಮೇಜಿನ ಮೇಲೆ ಬಿದ್ದಿದ್ದ ನೀಲಿ ಚೂರು ಕಣ್ಣಿಗೆ ಬಿತ್ತು. ಅದರ ನಡುವಿನಿಂದ ಎಲೆಯಾಕಾರದ ತುಂಡನ್ನು ಕತ್ತರಿಸಿ ತೆಗೆಯಲಾಗಿತ್ತು. ತಾನೇ ಕತ್ತರಿಸಿದ್ದು. ಯಾವಾಗ? ಗೊತ್ತಿಲ್ಲದೆ ಮಾಡಿದೆ ಎಂದು ಯಾರ ಮುಂದಾದರೂ ಆಣೆ ಇಡಬಲ್ಲೆನೇ ಎಂದು ಕೇಳಿಕೊಂಡಳು. ಆಣೆ ಇಡುವ ಧೈರ್ಯ ಬರಲಿಲ್ಲ.

"ಕೊಡು ಪುಟ್ಟಿ, ಎರಡೇ ನಿಮಿಷ, ಬಿಚ್ಚಿಬಿಡ್ತೀನಿ. ಆರೇ ಆರು ಹೊಲಿಗೆ. ನಂಗೆ ಗೊತ್ತಾಗ್ಲೇ ಇಲ್ಲ ಕಣೆ, ಕೈ, ಈ ಹಾಳು ಕೈ..." ಎಂದು ಅವಳು ಕತ್ತರಿ ಹುಡುಕುತ್ತ ಮೇಜಿನ ಮೇಲಿನದನ್ನೆಲ್ಲ ಚೆಲ್ಲಾಡಿದಳು. ಮಗಳು ಆ ಕೈಯನ್ನು ಹಿಡಿದುಕೊಂಡಳು. ಮಧ್ಯಾಹ್ನ ಇದ್ದ ಕೋಪ ಮಗಳ ಮುಖದಲ್ಲಿ ಇರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಹಟಮಾರಿ ಮಗುವನ್ನು ನೋಡುವ ದೊಡ್ಡವರ ಹಾಗೆ ಮಗಳು ತಾಯಿಯನ್ನು ನೋಡಿದಳು. "ಬೇಡಮ್ಮ, ಇರ್ಲಿ. ಹೊತ್ತಾಯ್ತು" ಎಂದಳು. "ಚೆನ್ನಾಗಿದೆ. ಸರಿಯಾಗಿದೆ." ಸಾಸಿವೆ ಬಣ್ಣದ ಅಂಗಿಯನ್ನು ಮಡಚಿ ಚೀಲದೊಳಗಿಟ್ಟು, ನೀಲಿ ಶರ್ಟಿನ ಗುಂಡಿಗಳನ್ನು ಕುತ್ತಿಗೆಯವರೆಗೂ ಒಂದೊಂದಾಗಿ ಹಾಕಿಕೊಂಡಳು, ತಾಯಿಯನ್ನು ಒಮ್ಮೆ ಬಿಗಿಯಾಗಿ ತಬ್ಬಿ, ಇಸ್ತ್ರಿಯವನಿಗೆ ಹೋಗಿಬರ್ತೀನಿ ಎಂದು ತಲೆಯಾಡಿಸಿ ಮೆಟ್ಟಿಲು ಹತ್ತಿದಳು.

ಕತ್ತರಿ ಆಗ ಸಿಕ್ಕಿತು. ಅದನ್ನು ಹಿಡಿದುಕೊಂಡೇ ಅವಳು ಮೇಲೋಡಿದಳು. ಗಿರಾಕಿಗಳ ನಡುವೆ ನುಗ್ಗಿ, ಗಾಜಿನ ಬಾಗಿಲು ತಳ್ಳಿ ಬೀದಿಗೆ ಬಂದಳು. ಸಂಜೆಯ ಜನದಲ್ಲಿ ನೀಲಿ ಬೆನ್ನು ಇಪ್ಪತ್ತು ಹೆಜ್ಜೆ ಮುಂದಿತ್ತು. "ಪುಟ್ಟೀ" ಎಂದು ಕೂಗಿದಳು. ಮಗಳು ತಿರುಗಿದಳು. ಅಮ್ಮ ಬೀಳ್ಕೊಡಲು ಬಂದಿದ್ದಾಳೆ ಎಂದು ತಿಳಿದು ನಕ್ಕು, ಪೆಟ್ಟಿಗೆಯನ್ನು ಎಡಗೈಗೆ ಬದಲಿಸಿ, ಬಲಗೈ ಎತ್ತಿ ಬೀಸಿದಳು. ಇವಳೂ ಬೀಸಿದಳು, ಬೀಸಿದ ಕೈಯಲ್ಲಿ ಕತ್ತರಿಯಿತ್ತು. ಮಗಳು ಮತ್ತೆ ಮುಂದಕ್ಕೆ ತಿರುಗಿ ನಡೆಯತೊಡಗಿದಳು. ಎತ್ತಿದ ಕೈ ಇಳಿಯಿತು, ಅದರೊಂದಿಗೆ ಬಲಭುಜವೂ ಇಳಿಯಿತು. ನಾಲ್ಕಾರು ಹೆಜ್ಜೆ ಹಾಗೇ ಇತ್ತು. ಅವಳು ನೋಡುತ್ತಿದ್ದಂತೆಯೇ ಅದು ಮೆಲ್ಲಗೆ ಮೇಲೆದ್ದು ಎಡಭುಜದ ಎತ್ತರಕ್ಕೆ ಬಂದು ನಿಂತಿತು.